ಗೊತ್ತಿದ್ದ ಉತ್ತರ ಬಾಯಿಗೇಕೆ ಬರುವುದಿಲ್ಲ?

ವೈವಾ, ಅಂದರೆ ಮೌಖಿಕ ಪರೀಕ್ಷೆ, ಮುಗಿಸಿ ಬಂದವರು ಸಾಮಾನ್ಯವಾಗಿ ಹೇಳುವ ಮಾತು ಇದು: "ಉತ್ತರ ಗೊತ್ತಿತ್ತು, ಆ ಹೊತ್ತಿಗೆ ಹೊಳೆಯಲಿಲ್ಲ." ಇದು ಬರೀ ನೆಪವಲ್ಲ. ಪರೀಕ್ಷಕರು ಎದುರಿಗೆ ಕೂತು ನಮ್ಮನ್ನೇ ನೋಡುತ್ತಿದ್ದರೆ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಅದು ಏರಿದಾಗ ಕಲಿತದ್ದು ಅಳಿಸಿಹೋಗುವುದಿಲ್ಲ. ಅದನ್ನು ನೆನಪಿನಿಂದ ಹೊರಗೆ ತರುವುದು ಕಷ್ಟವಾಗುತ್ತದೆ, ಅಷ್ಟೆ. ಪ್ರಯೋಗಕ್ಕಾಗಿ ಜನರಲ್ಲಿ ಒತ್ತಡ ಹುಟ್ಟಿಸಲು ವಿಜ್ಞಾನಿಗಳು ಬಳಸುವ ಟ್ರಿಯರ್ ಪರೀಕ್ಷೆಯೂ (1993) ಹೆಚ್ಚುಕಡಿಮೆ ವೈವಾದಂತೆಯೇ ಇದೆ: ಮುಖ ಬಿಗಿದುಕೊಂಡು ಕೂತ ಸಮಿತಿಯ ಮುಂದೆ ಭಾಷಣ, ಆಮೇಲೆ ಬಾಯಿಲೆಕ್ಕ!

ಅಂದರೆ ತಯಾರಿ ಬೇಕಿರುವುದು ಹೊರಗೆ ತರುವ ಕೆಲಸಕ್ಕೆ. ನಾವು ಮಾಡುವುದು ಮಾತ್ರ ಒಳಗೆ ತುಂಬುವ ಕೆಲಸ. ಅದೇ ಪುಟವನ್ನು ನಾಲ್ಕನೇ ಸಲ ಓದುತ್ತೇವೆ. ಸಾಲುಗಳು ಪರಿಚಿತ ಅನಿಸುತ್ತವೆ, ಬರುತ್ತದೆ ಅಂತ ಧೈರ್ಯವಾಗುತ್ತದೆ.

ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಈ ಧೈರ್ಯವನ್ನು ಅಳೆದು ನೋಡಿದರು. ಕೆಲವರು ಪಾಠವನ್ನು ಎರಡು ಸಲ ಓದಿದರು. ಉಳಿದವರು ಒಮ್ಮೆ ಓದಿ, ಹಾಳೆ ಮುಚ್ಚಿ, ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರದೇ ಮೇಲುಗೈ: ಅವರಿಗೆ ಪಾಠದ ಶೇ 81 ನೆನಪಿತ್ತು, ಉಳಿದವರಿಗೆ ಶೇ 75. ವಾರದ ನಂತರ ಲೆಕ್ಕ ತಿರುಗಿತು. ಓದಿದವರಿಗೆ ಉಳಿದದ್ದು ಶೇ 42, ನೆನಪಿಸಿಕೊಂಡವರಿಗೆ ಶೇ 56. 2016ರ ಇನ್ನೊಂದು ಪ್ರಯೋಗ ವೈವಾಕ್ಕೆ ಇನ್ನೂ ಹತ್ತಿರ. ನೆನಪಿಸಿಕೊಳ್ಳುತ್ತಾ ಕಲಿತವರ ನೆನಪು ಒತ್ತಡದಲ್ಲೂ ಕುಗ್ಗಲಿಲ್ಲ, ಬರೀ ಓದಿದವರದು ಕುಗ್ಗಿತು.

ಆದ್ದರಿಂದ ಪುಸ್ತಕ ಮುಚ್ಚಿ, ಜೋರಾಗಿ ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ಅರ್ಧ ವಾಕ್ಯಕ್ಕೇ "ಹಾಂ, ಗೊತ್ತು" ಅಂತ ಮುಂದೆ ಹೋಗಿಬಿಡುತ್ತೇವೆ, ಅಲ್ವಾ? ಬಾಯಿ ಬಿಟ್ಟರೆ ಎಲ್ಲಿ ತಡವರಿಸುತ್ತೇವೆ ಅನ್ನೋದು ತಕ್ಷಣ ಗೊತ್ತಾಗುತ್ತದೆ. ಇವತ್ತು ಹೇಳಿದ್ದನ್ನು ಎರಡು ದಿನ ಬಿಟ್ಟು ಮತ್ತೆ ಹೇಳಿ, ಅಧ್ಯಾಯದ ಕ್ರಮ ತಪ್ಪಿಸಿ. ಪರೀಕ್ಷಕರು ಕ್ರಮವಾಗಿ ಕೇಳುವುದಿಲ್ಲ.

ಕೇಳಲು ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ಅವರಿಗೆ ವಿಷಯ ಗೊತ್ತಿರಬೇಕಿಲ್ಲ. ಪ್ರತಿ ಉತ್ತರಕ್ಕೂ "ಯಾಕೆ?" ಅಂದರೆ ಸಾಕು. ವೃತ್ತಿಪರ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗಿಂತ ಅದರ ಹಿಂದೆ ಬರುವ ಎರಡನೆಯದೇ ಹೆಚ್ಚಾಗಿ ಸಿಕ್ಕಿಸುವುದು. ಅದಕ್ಕೆ ಉತ್ತರ ತಿಳಿಯದಿದ್ದಾಗ "ಇದು ಗೊತ್ತಿಲ್ಲ, ಆದರೆ ಹೀಗೆ ಯೋಚಿಸುತ್ತೇನೆ" ಎಂದು ಶುರುಮಾಡುವುದನ್ನೂ ಇದೇ ಅಭ್ಯಾಸದಲ್ಲಿ ಸೇರಿಸಿಕೊಳ್ಳಿ.