ಎತ್ತು ಮಾತಾಡಿದರೆ ನಮಗ್ಯಾಕೆ ನಗು?

ಓದುಗರ ಪ್ರಶ್ನೆ: ಪೇಪರಿನಲ್ಲಿ ಬರುವ ಒಂದೇ ಚೌಕದ ಕಾರ್ಟೂನ್‌ಗಳಲ್ಲಿ ಕೆಲವಕ್ಕೆ ತಲೆಬುಡವೇ ಇರುವುದಿಲ್ಲ. ಹಸು ಮಾತಾಡುತ್ತದೆ, ಹಾವು ಊಟಕ್ಕೆ ಕೂರುತ್ತದೆ. ಪಕ್ಕದವರು ಬಿದ್ದು ಬಿದ್ದು ನಗುತ್ತಾರೆ. ನನಗೆ ಮಾತ್ರ ಏನೋ ತಪ್ಪಿಹೋದ ಹಾಗೆ ಅನ್ನಿಸುತ್ತದೆ. ಅದರಲ್ಲಿ ಅರ್ಥ ಮಾಡಿಕೊಳ್ಳೋದು ಏನಿದೆ? (ಮಂಡ್ಯದ ಓದುಗರೊಬ್ಬರು)

ಎಷ್ಟೋ ಸಲ ಏನೂ ಇರುವುದಿಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ.

ನಿಮ್ಮ ಕಡೆಯದೇ ಒಂದು ಚಿತ್ರ ಬರೆಯೋಣ. ಹಳೇ ಕಾಲದ ಆಲೆಮನೆ. ಗಾಣಕ್ಕೆ ಕಟ್ಟಿದ ಜೋಡಿ ಎತ್ತು ಸುತ್ತುತ್ತಿವೆ. ಗಾಣಕ್ಕೆ ಕಬ್ಬು ಕೊಡುವ ಆಳು, ಕುದಿಯುವ ಕೊಪ್ಪರಿಗೆ, ಸಿಪ್ಪೆಯ ರಾಶಿ, ಎಲ್ಲ ಇರಬೇಕಾದ ಹಾಗೇ ಇವೆ. ಒಂದು ಎತ್ತು ಇನ್ನೊಂದಕ್ಕೆ ಹೇಳುತ್ತದೆ: "ಈ ದಾರೀಲಿ ನಾವು ಹಿಂದೆ ಯಾವತ್ತೋ ಬಂದಿದ್ದೀವಿ ಅನ್ಸುತ್ತೆ ಕಣೋ."

ಇಲ್ಲಿ ಸುಳ್ಳು ಒಂದೇ, ಎತ್ತಿಗೆ ಬಾಯಿ ಬಂದಿದ್ದು. ಮಿಕ್ಕಿದ್ದೆಲ್ಲ ನಿಜ. ಎತ್ತಿಗೆ ಟೋಪಿ ಹಾಕಿದರೆ ಕೆಟ್ಟಿತು. ಆಳು ಬೆರಗಾಗಿ ಬಾಯಿ ಬಿಟ್ಟರೂ ಕೆಟ್ಟಿತು. ಚೌಕದ ಒಳಗೆ ಯಾರಿಗೂ ಅದು ತಮಾಷೆ ಅಂತ ಗೊತ್ತಿರಬಾರದು. ನಾಲ್ಕು ಚೌಕ ಕೊಟ್ಟು ನೊಗ ಕಟ್ಟಿದ್ದು, ಒಂದು ಸುತ್ತು, ಹತ್ತು ಸುತ್ತು ಅಂತ ತೋರಿಸುತ್ತಾ ಹೋದರೂ ಮಜಾ ಇಲ್ಲ. ಆ ಎತ್ತು ಎಷ್ಟು ವರ್ಷದಿಂದ ಸುತ್ತುತ್ತಿದೆ ಅನ್ನೋದನ್ನು ನೀವೇ ಲೆಕ್ಕ ಹಾಕಬೇಕು. ನಗು ಹುಟ್ಟೋದು ಆ ಲೆಕ್ಕದಲ್ಲಿ.

ಚಿತ್ರ ಅರ್ಧ ಹೇಳುತ್ತದೆ, ಕೆಳಗಿನ ಸಾಲು ಇನ್ನರ್ಧ. ಒಂದು ಚಿತ್ರದ ಸಾಲು ಇನ್ನೊಂದರ ಕೆಳಗೆ ಹೋದರೆ? 1981ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಹಾಗೇ ಆಯಿತು. ಕಾರ್ಟೂನಿಸ್ಟ್ ಗ್ಯಾರಿ ಲಾರ್ಸನ್ ಅವರ 'ದಿ ಫಾರ್ ಸೈಡ್' ಮತ್ತು ತುಂಟ ಹುಡುಗ ಡೆನ್ನಿಸ್‌ನ ಕಾರ್ಟೂನ್ ಅಕ್ಕಪಕ್ಕ ಬರುತ್ತಿದ್ದವು. ಸಾಲುಗಳು ತಪ್ಪಿ ಇದರದ್ದು ಅದಕ್ಕೆ ಹೋದವು. ಹಾವಿನ ಮರಿ ಅನ್ನಬೇಕಿದ್ದ "ಮತ್ತೆ ಹ್ಯಾಮ್‌ಸ್ಟರ್ ಊಟಾನಾ" ಅನ್ನುವ ಗೊಣಗಾಟ ಡೆನ್ನಿಸ್ ಬಾಯಿಗೆ ಬಂತು. ಹ್ಯಾಮ್‌ಸ್ಟರ್ ಅಂದರೆ ಅಲ್ಲಿ ಮಕ್ಕಳು ಸಾಕುವ ಸಣ್ಣ ಇಲಿಯಂಥದ್ದು. ಹಾವಿನ ಮರಿಗೆ ಅದು ದಿನದ ಸಾರು ಮುದ್ದೆ. ಒಬ್ಬ ಹುಡುಗ ಊಟದ ಮೇಜಿನಲ್ಲಿ ಅದನ್ನೇ ಅಂದರೆ ನೀವು ಅವರ ಅಡುಗೆಮನೆ ಕಡೆ ಒಮ್ಮೆ ಇಣುಕುತ್ತೀರಿ ಅಲ್ವಾ! ತಪ್ಪಿನಿಂದ ಎರಡೂ ಚಿತ್ರ ಇನ್ನೂ ಚೆನ್ನಾದವು ಅಂತ ಲಾರ್ಸನ್ನೇ ಆಮೇಲೆ ಹೇಳಿಕೊಂಡರು.

ಈಗ ನಿಮ್ಮ ಅಸಲು ಪ್ರಶ್ನೆ. ನಿಮ್ಮಂಥ ಓದುಗರು ಸಾವಿರಾರು ಜನ ಒಟ್ಟಿಗೇ ತಲೆ ಕೆರೆದುಕೊಂಡದ್ದು 1982ರ ಅಕ್ಟೋಬರ್‌ನಲ್ಲಿ. ಅದೇ ಲಾರ್ಸನ್ ಒಂದು ಹಸುವನ್ನು ಎರಡು ಕಾಲಿನ ಮೇಲೆ ನಿಲ್ಲಿಸಿದರು. ಅದರ ಮುಂದೆ ಒಂದು ಮೇಜು, ಮೇಲೆ ವಕ್ರವಕ್ರವಾದ ನಾಲ್ಕು ವಸ್ತು. ಕೆಳಗೆ ಎರಡೇ ಪದ: ಹಸುವಿನ ಸಲಕರಣೆಗಳು. ಅಷ್ಟೇ. ಪತ್ರಿಕೆಗಳಿಗೆ ಕಾಗದ, ಫೋನು ಶುರುವಾದವು. ಇದರ ಅರ್ಥ ಏನು ಹೇಳಿ! ಕೊನೆಗೆ ಲಾರ್ಸನ್ ಲಿಖಿತ ವಿವರಣೆ ಕೊಡಬೇಕಾಯಿತು. ಹಸುಗಳು ಸಲಕರಣೆ ಮಾಡಿಕೊಂಡಿದ್ದರೆ ಅವು ಇಷ್ಟೇ ಒರಟಾಗಿ ಇರುತ್ತಿದ್ದವು, ಇನ್ನೇನೂ ಇಲ್ಲ ಅಂದರು. ಅವರ ಪ್ರಕಾರ ಆದ ಒಂದು ಎಡವಟ್ಟು ಇದು. ನಾಲ್ಕರಲ್ಲಿ ಒಂದು ವಸ್ತು ನೋಡಲು ಗರಗಸದ ಹಾಗಿತ್ತು. ಅದು ಗರಗಸ ಆದರೆ ಮಿಕ್ಕ ಮೂರು ಯಾವುವು ಅಂತ ಜನ ಹುಡುಕಲು ಹೊರಟರು.

ನನಗೆ ಈ ವಿವರಣೆ ಬಹಳ ಇಷ್ಟ. ತಮಾಷೆ ಅಲ್ಲಿ ಒಗಟಾಗಿಬಿಟ್ಟಿತ್ತು. ಒಗಟಿಗೆ ಉತ್ತರ ಇರಬೇಕು, ಇದಕ್ಕೆ ಇರಲಿಲ್ಲ. ಕುಡುಗೋಲು, ಮಚ್ಚು, ಗುದ್ದಲಿ ದಿನಾ ಹಿಡಿಯುವ ನಮ್ಮ ಮಂಡ್ಯದವರು ಆ ಮೇಜು ನೋಡಿದ್ದರೆ ಬಹುಶಃ "ಇದಕ್ಕೆ ಹಿಡಿ ಸರಿಯಾಗಿ ಕೂರಿಸಿಲ್ಲ" ಅಂತ ಮುಂದೆ ಹೋಗುತ್ತಿದ್ದರು.

ಇಂಥ ಚಿತ್ರ ನಮಗೆ ತಲೆಗೆ ಹತ್ತದಿರಲು ಇನ್ನೊಂದು ಕಾರಣವೂ ಇದೆ. ನಮ್ಮ ಕಣ್ಣು ಪಳಗಿದ್ದು ಬೇರೆ ಥರದ ಚೌಕಕ್ಕೆ. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿ, ರಾಶಿಯವರ ಹಾಸ್ಯ ಪತ್ರಿಕೆ 'ಕೊರವಂಜಿ'ಗೂ ಚಿತ್ರ ಬರೆದ ಆರ್.ಕೆ. ಲಕ್ಷ್ಮಣ್ ಮುಂಬೈಗೆ ಹೋಗಿ ಸಾಮಾನ್ಯ ಮನುಷ್ಯನನ್ನು ನಿಲ್ಲಿಸಿದರು. ಚೌಕಳಿ ಕೋಟು, ಪಂಚೆ, ಬಾಯಿ ಬಿಡದ ಮನುಷ್ಯ. ಮಂತ್ರಿ ಎಂಥ ಅಸಂಬದ್ಧ ಮಾತಾಡಿದರೂ ಮೂಲೆಯಲ್ಲಿ ಈತ ನೋಡುತ್ತಾ ನಿಂತಿರುತ್ತಾನೆ. ಇದು ಅಸಂಬದ್ಧ ಅಂತ ಆ ಮುಖ ನೋಡಿದರೇ ಗೊತ್ತಾಗುತ್ತದೆ. ಹಸು, ಹಾವಿನ ಚಿತ್ರಗಳಲ್ಲಿ ಆ ಪುಣ್ಯಾತ್ಮ ಇಲ್ಲ. ಅವನ ಜಾಗದಲ್ಲಿ ನೀವೇ ನಿಲ್ಲಬೇಕು.

ಮೈಸೂರಿನವರಿಗೆ ಇದು ಕಷ್ಟ ಆಗಬಾರದು. ದಸರೆಗೆ ಮುಂಚೆ ಆನೆಗಳನ್ನು ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸುತ್ತಾರೆ. ಯಾರು ಎಷ್ಟು ಕೆಜಿ ಅಂತ ಮಾರನೇ ದಿನದ ಪೇಪರಿನಲ್ಲಿ ಗಂಭೀರವಾಗಿ ಬರುತ್ತದೆ. ಆ ಫೋಟೋ ಕೆಳಗೆ "ಉಸಿರು ಬಿಗಿಹಿಡ್ಕೋ, ಹೊಟ್ಟೆ ಒಳಗೆಳ್ಕೋ" ಅಂತ ಒಂದು ಸಾಲು ಸೇರಿಸಿ ನೋಡಿ. ಕಾರ್ಟೂನಿಸ್ಟ್‌ಗೆ ಕೆಲಸವೇ ಇಲ್ಲ.

ಮೇಲೆ ಹೇಳಿದ ಎತ್ತಿನ ಚಿತ್ರವನ್ನು ಬಿಳಿ ಹಾಳೆಯಲ್ಲಿ ಬರೆದು, ಚಿಕ್ಕಂದಿನಲ್ಲಿ ಗಾಣ ಹೊಡೆದಿದ್ದ ನಮ್ಮ ದೊಡ್ಡಪ್ಪನಿಗೆ ತೋರಿಸಿದೆ. ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಇದು ಹೇಳ್ತಿರೋದು ಯಾವ ಎತ್ತು? ಒಳಗಿಂದಾ, ಹೊರಗಿಂದಾ?"

"ಹೊರಗಿಂದು" ಅಂದೆ.

"ಹಂಗಾದ್ರೆ ಸರಿ" ಅಂದರು. "ಅದೇ ಅಲ್ವಾ ಜಾಸ್ತಿ ನಡೆಯೋದು."