ಚೀಟಿ ಎತ್ತಿದ್ದು ಬಾಗಿಲ ಹೊರಗೋ, ಒಳಗೋ? ಸೈಕಾಲಜಿ ಎರಡನೇ ಅಧ್ಯಾಯದ ಟಿಪ್ಪಣಿ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಸೈಕಾಲಜಿಯ ಮೊದಲ ಕೋರ್ಸನ್ನು ಆನ್‌ಲೈನ್‌ನಲ್ಲಿ ಮಾಡುತ್ತಿರುವವರಿಗೆ ಈ ಟಿಪ್ಪಣಿ. 2025ರ ಫಾಲ್ ಸೆಮಿಸ್ಟರ್‌ನಿಂದ ಇಲ್ಲಿನ ಕಮ್ಯುನಿಟಿ ಕಾಲೇಜುಗಳು ಈ ಕೋರ್ಸಿಗೆ ಸೈಕ್ ಸಿ1000 ಎಂಬ ಒಂದೇ ನಂಬರ್ ಬಳಸತೊಡಗಿವೆ. ಆದ್ದರಿಂದ ನಿಮ್ಮ ಕಾಲೇಜು ಬೇರೆಯಾದರೂ ಪಾಠ ಹೆಚ್ಚುಕಡಿಮೆ ಇದೇ. ನಮ್ಮ ತರಗತಿಗೆ ಓಪನ್‌ಸ್ಟ್ಯಾಕ್ಸ್‌ನ ಉಚಿತ ಪುಸ್ತಕ. ಅದರಲ್ಲಿ 16 ಅಧ್ಯಾಯಗಳಿವೆ.

ನಾನು ಎರಡನೇ ಅಧ್ಯಾಯದ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ಸಂಶೋಧನೆ ಹೇಗೆ ಮಾಡುತ್ತಾರೆ ಎನ್ನುವ ಅಧ್ಯಾಯ ಅದು. ಮಿದುಳು, ಕನಸು, ನೆನಪು ಎಂದು ಓದಲು ಬಂದವರಿಗೆ ಅದು ಸ್ವಲ್ಪ ಒಣ ಅನಿಸುತ್ತದೆ. ಬೇಗ ದಾಟಿ ಮುಂದೆ ಹೋಗೋಣ ಅನಿಸುತ್ತದೆ. ಹಾಗೆ ಮಾಡಬೇಡಿ. ಮುಂದಿನ ಪ್ರತಿ ಅಧ್ಯಾಯವೂ ಯಾವುದೋ ಅಧ್ಯಯನದ ಮೇಲೆ ನಿಂತಿದೆ. ಆ ಅಧ್ಯಯನವನ್ನು ಎಷ್ಟು ನಂಬಬಹುದು ಎಂದು ತಿಳಿಯದಿದ್ದರೆ ಬರೀ ಹೆಸರು ಮತ್ತು ಇಸವಿ ಬಾಯಿಪಾಠ ಮಾಡಿದ ಹಾಗಾಗುತ್ತದೆ.

ಎರಡು ಚೀಟಿಗಳು

ರ‍್ಯಾಂಡಮ್ ಸೆಲೆಕ್ಷನ್, ರ‍್ಯಾಂಡಮ್ ಅಸೈನ್‌ಮೆಂಟ್. ಕ್ವಿಜ್‌ನಲ್ಲಿ ಇವೆರಡನ್ನೂ ಒಂದೇ ಪ್ರಶ್ನೆಯ ಆಯ್ಕೆಗಳಲ್ಲಿ ಅಕ್ಕಪಕ್ಕ ಇಡುತ್ತಾರೆ. ಎರಡರಲ್ಲೂ ಚೀಟಿ ಎತ್ತುತ್ತಾರೆ, ನಿಜ. ಆದರೆ ಎತ್ತುವ ಜಾಗ ಬೇರೆ, ಎತ್ತುವ ಕಾರಣವೂ ಬೇರೆ.

ಅಧ್ಯಯನ ನಡೆಯುವ ಕೋಣೆಗೆ ಒಂದು ಬಾಗಿಲು ಇದೆ ಅಂದುಕೊಳ್ಳಿ. ಊರಿನ ಇಷ್ಟು ಜನರಲ್ಲಿ ಯಾರನ್ನು ಒಳಗೆ ಕರೆಯಬೇಕು? ಅದಕ್ಕೆ ಎತ್ತಿದ ಚೀಟಿ ಬಾಗಿಲ ಹೊರಗಿನದು. ಅದೇ ಸೆಲೆಕ್ಷನ್. ಒಳಗೆ ಬಂದ ಮೇಲೆ ಯಾರು ಯಾವ ಗುಂಪಿಗೆ ಹೋಗಬೇಕು? ಅದಕ್ಕೆ ಎತ್ತಿದ ಚೀಟಿ ಬಾಗಿಲ ಒಳಗಿನದು. ಅದೇ ಅಸೈನ್‌ಮೆಂಟ್.

ಹೊರಗಿನ ಚೀಟಿಯಿಂದ ಏನು ಸಿಗುತ್ತದೆ? ಕೋಣೆಯಲ್ಲಿ ಕಂಡದ್ದನ್ನು ಹೊರಗಿನ ಎಲ್ಲರಿಗೂ ಅನ್ವಯಿಸುವ ಹಕ್ಕು. ಒಳಗಿನ ಚೀಟಿಯಿಂದ ಏನು ಸಿಗುತ್ತದೆ? ಇದರಿಂದಲೇ ಅದು ಆಯಿತು ಎಂದು ಹೇಳುವ ಹಕ್ಕು. ಒಂದು ಚೀಟಿ ಎತ್ತಿದವರಿಗೆ ಇನ್ನೊಂದರ ಹಕ್ಕು ಸಿಗುವುದಿಲ್ಲ. ನನ್ನ ನೋಟ್‌ಬುಕ್‌ನಲ್ಲಿ ಈಗ ಪ್ರತಿ ಅಧ್ಯಯನದ ಪಕ್ಕದಲ್ಲೂ ಎರಡು ಚಿಕ್ಕ ಚೌಕ ಇರುತ್ತವೆ, ‘ಹೊರಗೆ’ ಮತ್ತು ‘ಒಳಗೆ’. ಓದುತ್ತಾ ಓದುತ್ತಾ ಟಿಕ್ ಹಾಕುತ್ತೇನೆ.

ಚೀಟಿ ಎತ್ತಿದರೆ ಗುಂಪುಗಳು ಹೇಗೆ ಸಮ ಆಗುತ್ತವೆ?

ನನಗೆ ಬಹಳ ಹೊತ್ತು ಹಿಡಿದದ್ದು ಈ ಹೆಜ್ಜೆ. ಪುಸ್ತಕ ಇದನ್ನು ಬೇಗ ಹೇಳಿ ಮುಗಿಸುತ್ತದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಕಾಫಿ ಕುಡಿದರೆ ಪದಗಳು ಜಾಸ್ತಿ ನೆನಪಿರುತ್ತವಾ ಎಂದು ನೋಡಬೇಕು. ಬಂದವರನ್ನು ‘ಯಾರಿಗೆ ಕಾಫಿ ಬೇಕು?’ ಎಂದು ಕೇಳಿ ಎರಡು ಗುಂಪು ಮಾಡಿದರೆ ಕೆಲಸ ಕೆಟ್ಟಂತೆ. ಕಾಫಿ ಬೇಕು ಅಂದವರು ರಾತ್ರಿ ನಿದ್ದೆಗೆಟ್ಟು ಓದುವವರಿರಬಹುದು. ವಯಸ್ಸಿನಲ್ಲಿ ದೊಡ್ಡವರಿರಬಹುದು. ಆಮೇಲೆ ಅಂಕಗಳಲ್ಲಿ ವ್ಯತ್ಯಾಸ ಕಂಡರೆ ಅದು ಕಾಫಿಯಿಂದ ಬಂತೋ, ನಿದ್ದೆಯಿಂದಲೋ, ವಯಸ್ಸಿನಿಂದಲೋ ಹೇಳಲಾಗದು. ಹೀಗೆ ಜೊತೆಯಲ್ಲಿ ನುಸುಳಿ ಬರುವ ಕಾರಣಗಳನ್ನೇ ಕನ್‌ಫೌಂಡಿಂಗ್ ವೇರಿಯಬಲ್ ಅನ್ನುತ್ತಾರೆ.

ಸರಿ, ಚೀಟಿ ಎತ್ತೋಣ. ಈಗ ನನ್ನ ಪ್ರಶ್ನೆ: ನಿದ್ದೆಯನ್ನು ನಾವು ಅಳೆದೇ ಇಲ್ಲ. ಯಾರು ಎಷ್ಟು ಮಲಗಿದ್ದರು ಎಂದು ಕೇಳಿಯೂ ಇಲ್ಲ. ಹಾಗಿದ್ದರೂ ಚೀಟಿ ಅದನ್ನು ಎರಡೂ ಕಡೆ ಸಮವಾಗಿ ಹಂಚುತ್ತದೆ ಅನ್ನುವುದು ಹೇಗೆ?

ಉತ್ತರ ಇಷ್ಟು. ಚೀಟಿಗೆ ಯಾರ ಬಗ್ಗೆಯೂ ಏನೂ ಗೊತ್ತಿಲ್ಲ. ನಿದ್ದೆಯೂ ಗೊತ್ತಿಲ್ಲ, ವಯಸ್ಸೂ ಗೊತ್ತಿಲ್ಲ, ಮನೆಯ ಮಾತು ಯಾವುದು ಎಂಬುದೂ ಗೊತ್ತಿಲ್ಲ. ಹಾಗಾಗಿ ಚೆನ್ನಾಗಿ ನಿದ್ದೆ ಮಾಡಿದವರನ್ನು ಒಂದೇ ಕಡೆ ತಳ್ಳಲು ಅದಕ್ಕೆ ಕಾರಣವೇ ಇಲ್ಲ. ಸಂಶೋಧಕರು ತಾವೇ ಕೂತು ಗುಂಪು ಮಾಡಿದರೆ ತಮಗೆ ಹೊಳೆದ ಸಂಗತಿಗಳನ್ನು ಮಾತ್ರ ಸಮ ಮಾಡಬಲ್ಲರು. ಹೊಳೆಯದ್ದು ಹಾಗೇ ಉಳಿಯುತ್ತದೆ. ಚೀಟಿಗೆ ಆ ತೊಂದರೆ ಇಲ್ಲ.

ಆದರೆ ಆಕಸ್ಮಿಕವಾಗಿ ಎಲ್ಲರೂ ಒಂದೇ ಕಡೆ ಹೋಗಬಹುದಲ್ವಾ? ಹೋಗಬಹುದು. ಲೆಕ್ಕ ಮಾಡಿ ನೋಡಿದಾಗಲೇ ಇದು ತಲೆಗೆ ಹೋಗುವುದು. 6 ಜನ ಇದ್ದಾರೆ, ಅವರಲ್ಲಿ 3 ಜನ ಚೆನ್ನಾಗಿ ಮಲಗಿ ಬಂದವರು. ಮೂರು ಮೂರು ಜನರ ಎರಡು ಗುಂಪು ಮಾಡಬೇಕು. ಕಾಫಿ ಗುಂಪಿಗೆ 3 ಜನರನ್ನು ಆರಿಸಲು ಒಟ್ಟು 20 ದಾರಿಗಳಿವೆ. ಮಲಗಿ ಬಂದ ಮೂವರೂ ಒಂದೇ ಗುಂಪಿಗೆ ಸೇರುವುದು ಅದರಲ್ಲಿ 2 ದಾರಿಗಳಲ್ಲಿ. ಅಂದರೆ ಹತ್ತಕ್ಕೆ ಒಂದು ಸಲ. ಇದು ಸಣ್ಣದೇನಲ್ಲ.

ಈಗ 20 ಜನ ತೆಗೆದುಕೊಳ್ಳಿ. 10 ಜನ ಚೆನ್ನಾಗಿ ಮಲಗಿದವರು. ಹತ್ತು ಹತ್ತು ಜನರ ಎರಡು ಗುಂಪು. ದಾರಿಗಳು 1,84,756. ಹತ್ತೂ ಜನ ಒಂದೇ ಕಡೆ ಸೇರುವುದು ಇಲ್ಲೂ 2 ದಾರಿಗಳಲ್ಲೇ. ಅಂದರೆ 92,378ಕ್ಕೆ ಒಂದು ಸಲ! ಜನ 6ರಿಂದ 20ಕ್ಕೆ ಏರಿದ್ದಷ್ಟೇ. ಹತ್ತರಲ್ಲಿ ಒಂದು ಇದ್ದದ್ದು ಸುಮಾರು ಲಕ್ಷಕ್ಕೆ ಒಂದಾಯಿತು. ಈ ಲೆಕ್ಕ ಕಂಡ ದಿನ ನನಗೆ ನಿಜವಾಗಿ ಖುಷಿಯಾಯಿತು. ಪೂರ್ತಿ ಒಂದೇ ಕಡೆ ವಾಲುವುದರ ಲೆಕ್ಕ ಇದು. 6–4ರಂತೆ ಸ್ವಲ್ಪ ಆಚೀಚೆ ಆಗುವುದು ಇದ್ದೇ ಇರುತ್ತದೆ. ಕೊನೆಗೆ ಅಂಕಗಳಲ್ಲಿ ಕಂಡ ವ್ಯತ್ಯಾಸ ಬರೀ ಚೀಟಿಯ ಆಟದಿಂದ ಬರಬಹುದಾ ಎಂದು ನೋಡುವುದಕ್ಕೇ ಸ್ಟ್ಯಾಟಿಸ್ಟಿಕ್ಸ್ ಇರುವುದು. ಗುಂಪು ದೊಡ್ಡದಾದಷ್ಟೂ ವಾಲುವುದು ಕಡಿಮೆ. ಸ್ಯಾಂಪಲ್ (ಅಧ್ಯಯನಕ್ಕೆ ಕರೆದವರ ಗುಂಪು) ದೊಡ್ಡದಿರಲಿ ಎಂದು ಪುಸ್ತಕ ಮತ್ತೆ ಮತ್ತೆ ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಸಂಗತಿ. ಮೊದಲು ಬಂದ 10 ಜನಕ್ಕೆ ಕಾಫಿ, ಆಮೇಲೆ ಬಂದವರಿಗೆ ನೀರು ಎಂದು ಹಂಚಿದರೆ ಅದು ಚೀಟಿ ಎತ್ತಿದಂತೆ ಅಲ್ಲ. ಬೇಗ ಬರುವವರು ತಡವಾಗಿ ಬರುವವರಿಗಿಂತ ಬೇರೆ ಥರ ಇರಬಹುದು. ಬೆಳಗಿನ ಬ್ಯಾಚು, ಸಂಜೆಯ ಬ್ಯಾಚು ಎಂದು ಮಾಡಿದರೂ ಅಷ್ಟೇ. ಸಂಶೋಧಕರು ಸುಮ್ನೆ ಮನಸ್ಸಿಗೆ ಬಂದವರನ್ನು ತೋರಿಸಿದರೂ ಅಷ್ಟೇ. ಪ್ರತಿಯೊಬ್ಬರಿಗೂ ಎರಡೂ ಗುಂಪಿಗೆ ಹೋಗುವ ಅವಕಾಶ ಸಮ ಇರಬೇಕು.

ಚೀಟಿ ಎತ್ತುವುದು, ಮೊದಲೇ ಅಳೆದು ಸಮ ಮಾಡುವುದು ಎರಡನ್ನೂ ಜೋಡಿಸಿದ ಒಳ್ಳೆಯ ಉದಾಹರಣೆ ಆರನೇ ಅಧ್ಯಾಯದಲ್ಲಿ ಸಿಗುತ್ತದೆ: ಮನಶ್ಶಾಸ್ತ್ರಜ್ಞ ಬಂಡೂರ ಅವರ ಬೊಬೊ ಗೊಂಬೆಯ ಪ್ರಯೋಗ, 1961. ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ನೋಡಿದ ಮಕ್ಕಳೂ ಹಾಗೇ ಮಾಡುತ್ತಾರಾ ಎಂಬುದು ಪ್ರಶ್ನೆ. ಸ್ಟ್ಯಾನ್‌ಫರ್ಡ್‌ನ ನರ್ಸರಿ ಶಾಲೆಯ 72 ಮಕ್ಕಳು. ಕೆಲವು ಮಕ್ಕಳು ಮೊದಲೇ ಜಗಳಗಂಟರಾಗಿದ್ದರೆ? ಅದಕ್ಕಾಗಿ ಮಕ್ಕಳ ಸ್ವಭಾವವನ್ನು ಮೊದಲೇ ಅಳೆದು, ಒಂದೇ ಥರದ ಮೂವರನ್ನು ಒಟ್ಟಿಗೆ ಇಟ್ಟು, ಆ ಮೂವರನ್ನು ಮೂರು ಗುಂಪಿಗೆ ರ‍್ಯಾಂಡಮ್ ಆಗಿ ಹಂಚಿದರು. ಗೊತ್ತಿರುವ ಕಾರಣವನ್ನು ಕೈಯಿಂದ ಸಮ ಮಾಡಿದರು, ಗೊತ್ತಿಲ್ಲದ್ದನ್ನು ಚೀಟಿಗೆ ಬಿಟ್ಟರು. ಮಕ್ಕಳೆಲ್ಲ ಒಂದೇ ಶಾಲೆಯವರು, ಆದ್ದರಿಂದ ‘ಹೊರಗೆ’ ಚೌಕ ಖಾಲಿ. ‘ಒಳಗೆ’ ಚೌಕಕ್ಕೆ ಟಿಕ್.

ಒಂದು ಚೌಕ ಮಾತ್ರ ತುಂಬಿದಾಗ

ಎಂಟನೇ ಅಧ್ಯಾಯದ ಲಾಫ್ಟಸ್ ಮತ್ತು ಪಾಮರ್ ಪ್ರಯೋಗ, 1974. 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿ ಕಾರುಗಳ ವೇಗ ಎಷ್ಟಿತ್ತು ಎಂದು ಕೇಳಿದರು. ಪ್ರಶ್ನೆಯಲ್ಲಿ ಒಂದು ಪದ ಮಾತ್ರ ಗುಂಪಿನಿಂದ ಗುಂಪಿಗೆ ಬೇರೆ. ಜೋರಾಗಿ ಅಪ್ಪಳಿಸಿದವು ಎಂದು ಕೇಳಿದಾಗ ಸರಾಸರಿ ಉತ್ತರ ಗಂಟೆಗೆ 40.8 ಮೈಲಿ. ತಾಗಿದವು ಎಂದು ಕೇಳಿದಾಗ 31.8. ಯಾರಿಗೆ ಯಾವ ಪದ ಸಿಗಬೇಕು ಎನ್ನುವುದು ವಿದ್ಯಾರ್ಥಿಯ ಕೈಯಲ್ಲಿರಲಿಲ್ಲ. ಆದ್ದರಿಂದ ಪದವೇ ಉತ್ತರವನ್ನು ಬದಲಿಸಿತು ಅನ್ನಬಹುದು. ಆದರೆ ಎಲ್ಲರೂ ವಿದ್ಯಾರ್ಥಿಗಳು. ದಿನಾ ಗಾಡಿ ಓಡಿಸುವ ಐವತ್ತರ ವಯಸ್ಸಿನವರೂ ಇಷ್ಟೇ ತಪ್ಪುತ್ತಿದ್ದರಾ? ಈ ಪ್ರಯೋಗ ಒಂದರಿಂದಲೇ ಹೇಳಲಾಗದು.

ಹೊರಗಿನ ಚೀಟಿ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ 1936ರ ಅಮೆರಿಕದ ಅಧ್ಯಕ್ಷ ಚುನಾವಣೆ ನೋಡಿ. ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಮಾದರಿ ಮತಪತ್ರ ಕಳಿಸಿತು. 20 ಲಕ್ಷಕ್ಕಿಂತ ಹೆಚ್ಚು ವಾಪಸ್ ಬಂದವು. ಅಭ್ಯರ್ಥಿಗಳಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಬರೆಯಿತು. ಗೆದ್ದವರು ರೂಸ್‌ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳಲ್ಲಿ. ವಿಳಾಸ ತೆಗೆದದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಯಾರು? ಜೊತೆಗೆ, ಉತ್ತರ ಕಳಿಸಿದವರು ಮತ್ತು ಕಳಿಸದವರ ಒಲವೂ ಒಂದೇ ಆಗಿರಲಿಲ್ಲ. ಗುಂಪು ಎಷ್ಟೇ ದೊಡ್ಡದಿರಲಿ, ವಾಲಿದ ಪಟ್ಟಿ ನೆಟ್ಟಗಾಗುವುದಿಲ್ಲ.

ಎರಡೂ ಚೌಕ ಖಾಲಿ ಇರುವುದಕ್ಕೆ ಫಿನಿಯಸ್ ಗೇಜ್. 1848ರಲ್ಲಿ ವರ್ಮಾಂಟ್‌ನಲ್ಲಿ ರೈಲು ದಾರಿ ಕೆಲಸದಲ್ಲಿ ಕಬ್ಬಿಣದ ಸರಳು ಅವರ ತಲೆಯನ್ನೇ ತೂರಿ ಹೋಯಿತು, ಆದರೂ ಬದುಕಿದರು. ಹೀಗೆ ಒಬ್ಬರನ್ನೇ ಆಳವಾಗಿ ನೋಡುವುದು ಕೇಸ್ ಸ್ಟಡಿ. ಹೊಸ ಪ್ರಶ್ನೆ ಹುಟ್ಟಿಸಲು ಬಹಳ ಒಳ್ಳೆಯದು, ಎಲ್ಲರ ಮಿದುಳಿನ ಬಗ್ಗೆ ತೀರ್ಪು ಕೊಡಲು ಸಾಲದು.

ಉಳಿದದ್ದು ಚುಟುಕಾಗಿ

ಡಿಪೆಂಡೆಂಟ್, ಇಂಡಿಪೆಂಡೆಂಟ್ ವೇರಿಯಬಲ್: ಸಂಶೋಧಕರು ಬದಲಿಸುವುದು ಇಂಡಿಪೆಂಡೆಂಟ್, ಆಮೇಲೆ ಅಳೆಯುವುದು ಡಿಪೆಂಡೆಂಟ್. ಕೋರಿಲೇಷನ್ ಅಂದರೆ ಎರಡು ಸಂಗತಿಗಳು ಎಷ್ಟರ ಮಟ್ಟಿಗೆ ಒಟ್ಟಿಗೆ ಬದಲಾಗುತ್ತವೆ ಎಂಬುದು, ಅದರ ಸಂಖ್ಯೆ –1ರಿಂದ +1ರವರೆಗೆ. –0.8 ಎಂಬುದು +0.3ಕ್ಕಿಂತ ಗಟ್ಟಿ ಸಂಬಂಧ, ಚಿಹ್ನೆ ದಿಕ್ಕನ್ನಷ್ಟೇ ಹೇಳುತ್ತದೆ. ಮೂರನೇ ಅಧ್ಯಾಯದ ನರಕೋಶಕ್ಕೆ, ಅಂದರೆ ನ್ಯೂರಾನ್‌ಗೆ ಚಿತ್ರ ಬಿಡಿಸಿ ಹೆಸರು ಬರೆಯಿರಿ, ಸಾಕು.

ಓದುವ ರೀತಿಗೆ ಸೈಕಾಲಜಿಯೇ ದಾರಿ ಹೇಳುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದು ಇದು: ಪಾಠವನ್ನು ಮತ್ತೆ ಓದಿದಾಗ 5 ನಿಮಿಷದ ನಂತರದ ಪರೀಕ್ಷೆಯಲ್ಲಿ ನೆನಪಿದ್ದದ್ದು 81 ಶೇಕಡಾ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದಿದ್ದಾಗ 75. ಒಂದು ವಾರದ ನಂತರ ತಿರುಗುಮುರುಗು: ಮತ್ತೆ ಓದಿದ್ದಕ್ಕೆ 42, ನೆನಪಿನಿಂದ ಬರೆದಿದ್ದಕ್ಕೆ 56. ಮಿಡ್‌ಟರ್ಮ್ 5 ನಿಮಿಷದ ನಂತರ ಇರುವುದಿಲ್ಲ. ಆದ್ದರಿಂದ ಕೋರ್ಸ್ ನಡೆಯುವ ಆನ್‌ಲೈನ್ ತಾಣ ಕ್ಯಾನ್ವಾಸ್‌ನ ಅಭ್ಯಾಸ ಕ್ವಿಜ್‌ಗಳನ್ನು ಪುಸ್ತಕ ಮುಚ್ಚಿಯೇ ಮಾಡಿ.

ಸೆಮಿಸ್ಟರ್ ಮುಗಿಯುವ ಮೊದಲೇ ಡಿಸೆಂಬರ್‌ನಲ್ಲಿ ಊರಿಗೆ ಹೊರಡುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಿ: ಕ್ಯಾಲಿಫೋರ್ನಿಯಾದ ಭಾನುವಾರ ರಾತ್ರಿ 11:59ರ ಗಡುವು ಅಂದರೆ ಬೆಂಗಳೂರಿನಲ್ಲಿ ಸೋಮವಾರ ಮಧ್ಯಾಹ್ನ 1:29. ಕ್ಯಾಲಿಫೋರ್ನಿಯಾದಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಬೇಸಿಗೆ ಸಮಯ ಇದ್ದಾಗ 12:29.

ಅಭ್ಯಾಸಕ್ಕೆ

ಕಾಲೇಜಿನ ಎಲ್ಲ ವಿದ್ಯಾರ್ಥಿಗಳ ಪಟ್ಟಿಯಿಂದ ಕಂಪ್ಯೂಟರ್ 200 ಜನರನ್ನು ಆರಿಸಿತು. 200 ಜನರೂ ಉತ್ತರ ಕೊಟ್ಟರು: ಫೋನ್ ನೋಡುವ ಗಂಟೆಗಳೆಷ್ಟು, ಸಂತೋಷ ಎಷ್ಟು. ಹೊರಗಿನ ಚೀಟಿ ಇದೆ, ಒಳಗಿನದು ಇಲ್ಲ. ಆ ಕಾಲೇಜಿನ ಎಲ್ಲರ ಬಗ್ಗೆ ಅಂದಾಜು ಮಾಡಬಹುದು. ಫೋನ್‌ನಿಂದ ದುಃಖ ಬಂತು ಅನ್ನಲಾಗದು. ದುಃಖ ಇದ್ದವರೇ ಫೋನ್ ಜಾಸ್ತಿ ನೋಡುತ್ತಿರಬಹುದು.

ತಾವಾಗಿಯೇ ಬಂದ 60 ಜನರನ್ನು ಕಂಪ್ಯೂಟರ್ ಮೂವತ್ತು ಮೂವತ್ತಾಗಿ ಹಂಚಿತು. ಒಂದು ಗುಂಪು ಗಟ್ಟಿಯಾಗಿ ಓದಿತು, ಇನ್ನೊಂದು ಮನಸ್ಸಿನಲ್ಲೇ. ಒಳಗಿನ ಚೀಟಿ ಇದೆ, ಹೊರಗಿನದು ಇಲ್ಲ. ಕಾರಣ ಹೇಳಬಹುದು, ಎಲ್ಲರಿಗೂ ಅನ್ವಯಿಸುವಾಗ ಎಚ್ಚರ ಬೇಕು.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಮಾತಾಡುವ ಮಕ್ಕಳನ್ನೂ ಇಂಗ್ಲಿಷ್ ಮಾತ್ರ ಮಾತಾಡುವ ಮಕ್ಕಳನ್ನೂ ಪರಿಚಯದವರ ಮನೆಗಳಿಂದ ಕರೆದು ಗಮನದ ಪರೀಕ್ಷೆ ಕೊಟ್ಟರು. ಮೊದಲ ಗುಂಪಿಗೆ ಹೆಚ್ಚು ಅಂಕ ಬಂತು ಅಂದುಕೊಳ್ಳಿ. ನಮಗೆ ಹೆಮ್ಮೆಯ ಸುದ್ದಿ, ಆದರೆ ಎರಡೂ ಚೌಕ ಖಾಲಿ. ಮನೆಮಾತನ್ನು ಚೀಟಿ ಎತ್ತಿ ಕೊಡಲು ಆಗುವುದಿಲ್ಲ. ಅದರ ಜೊತೆಗೆ ತಂದೆತಾಯಿಯ ಓದು, ಆದಾಯ, ವಲಸೆ ಬಂದ ಕಾರಣ ಎಲ್ಲವೂ ಬರುತ್ತವೆ. ಇಂಥದ್ದನ್ನು ಕ್ವಾಸಿ ಎಕ್ಸ್‌ಪೆರಿಮೆಂಟ್ ಅನ್ನುತ್ತಾರೆ. ಉತ್ತರದಲ್ಲಿ ‘ಸಂಬಂಧ ಕಂಡುಬಂದಿದೆ’ ಎಂದು ಬರೆಯಿರಿ, ‘ಕನ್ನಡದಿಂದಲೇ ಗಮನ ಹೆಚ್ಚಿತು’ ಎಂದು ಬರೆಯಬೇಡಿ.