ಕರುಳಿನ ಗೋಡೆಯೇ ಕಾವಲಿಗೆ ನಿಂತಾಗ

ಒಂದು ಗಾಜಿನ ಸ್ಲೈಡ್. ಅದರ ಮೇಲೆ ತೆಳ್ಳಗೆ ಸವರಿದ ಮಲ. ಮೊದಲು ಕೆಂಪು ಬಣ್ಣ ಹಾಕುತ್ತಾರೆ, ಆಮೇಲೆ ಸೌಮ್ಯವಾದ ಆಸಿಡ್‌ನಲ್ಲಿ ತೊಳೆದು ನೀಲಿ ಬಣ್ಣ ಕೊಡುತ್ತಾರೆ. ಕಫದಲ್ಲಿ ಟಿಬಿ ಹುಡುಕುವ ವಿಧಾನವನ್ನೇ ಇಲ್ಲಿ ಸ್ವಲ್ಪ ಬದಲಾಯಿಸಿಕೊಂಡಿದ್ದಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲ ನೀಲಿ. ನಡುವೆ ಕೆಲವು ದುಂಡು ಚುಕ್ಕಿಗಳು ಮಾತ್ರ ಕೆಂಪು ಬಿಟ್ಟುಕೊಟ್ಟಿರುವುದಿಲ್ಲ. ಒಂದೊಂದರ ಅಗಲ 4ರಿಂದ 6 ಮೈಕ್ರಾನ್, ನಮ್ಮ ಕೆಂಪು ರಕ್ತಕಣಕ್ಕಿಂತ ಚಿಕ್ಕದು. ಇದು ಕ್ರಿಪ್ಟೊಸ್ಪೊರಿಡಿಯಂ, ಕರುಳಿನ ಪರಾವಲಂಬಿ. ಗಟ್ಟಿ ಚಿಪ್ಪಿನ ಈ ಒಂದೊಂದು ಚುಕ್ಕಿಯೊಳಗೂ ನಾಲ್ಕು ಮರಿಗಳು ಕಾಯುತ್ತಿರುತ್ತವೆ.

1907ರಲ್ಲಿ ಅಮೆರಿಕದ ಅರ್ನೆಸ್ಟ್ ಟೈಜರ್ ಇದನ್ನು ಇಲಿಯ ಜಠರದಲ್ಲಿ ಕಂಡರು. ಆಮೇಲೆ ಸುಮಾರು 70 ವರ್ಷ ಇದು ಪ್ರಾಣಿಗಳ ಸಮಾಚಾರ ಅಂತಲೇ ಉಳಿಯಿತು. ಮನುಷ್ಯರಲ್ಲಿ ಮೊದಲು ಗೊತ್ತಾದದ್ದು 1976ರಲ್ಲಿ. ಒಂದು ಮೂರು ವರ್ಷದ ಮಗುವಿನಲ್ಲಿ, ಇನ್ನೊಂದು ಔಷಧಿಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದ್ದ ವಯಸ್ಕರಲ್ಲಿ. 1982ರಲ್ಲಿ ಏಡ್ಸ್ ಇದ್ದ 21 ಗಂಡಸರ ಭೇದಿಗೆ ಇದೇ ಕಾರಣ ಎಂಬ ವರದಿ ಬಂತು.

ಆರೋಗ್ಯವಂತರಿಗೆ ಇದು ಒಂದೆರಡು ವಾರದ ಭೇದಿ. ಬರುತ್ತದೆ, ಸುಸ್ತು ಮಾಡುತ್ತದೆ, ಹೋಗುತ್ತದೆ. ಶಕ್ತಿ ಕುಗ್ಗಿದವರಿಗೆ ಹಾಗಲ್ಲ. ತಿಂಗಳುಗಟ್ಟಲೆ ನಿಲ್ಲುವುದಿಲ್ಲ, ಕೆಲವರ ಮೈಯಿಂದ ದಿನಕ್ಕೆ ಹಲವು ಲೀಟರ್ ನೀರು ಹೋಗಿಬಿಡುತ್ತದೆ. 1993ರ ಮಾರ್ಚ್–ಏಪ್ರಿಲ್‌ನಲ್ಲಿ ಅಮೆರಿಕದ ಮಿಲ್ವಾಕಿ ನಗರದ ನಲ್ಲಿ ನೀರಿಗೆ ಇದು ಸೇರಿತು. ಸುಮಾರು 4 ಲಕ್ಷ 3 ಸಾವಿರ ಜನ ಕಾಯಿಲೆ ಬಿದ್ದರು. ಬಹುತೇಕರು ಚೇತರಿಸಿಕೊಂಡರು. ಸತ್ತವರಲ್ಲಿ ಹೆಚ್ಚಿನವರು ಏಡ್ಸ್ ಇದ್ದವರು. ಅದೇ ನೀರು, ಅದೇ ಜೀವಿ. ವ್ಯತ್ಯಾಸ ಇದ್ದದ್ದು ಕುಡಿದವರ ಮೈಯಲ್ಲಿ.

ಹಾಗಾದರೆ ಆ ಮೈಯಲ್ಲಿ ಏನು ನಡೆಯುತ್ತದೆ? ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವ ಭಾಗ ಇದೇ.

ಈ ಪರಾವಲಂಬಿ ಕರುಳಿನ ಒಳಗೋಡೆಯ ಜೀವಕೋಶದ ತುದಿಯಲ್ಲಿ, ಅದರ ಪೊರೆಯ ಅಡಿಯಲ್ಲೇ ಗುಳ್ಳೆ ಎದ್ದ ಹಾಗೆ ಕೂರುತ್ತದೆ. ಪೂರ್ತಿ ಒಳಗೂ ಇಲ್ಲ, ಹೊರಗೂ ಇಲ್ಲ. ರಕ್ತದಲ್ಲಿ ಓಡಾಡುವ ಬಿಳಿ ಕಣಗಳಿಗೆ ಇದು ಸುಲಭಕ್ಕೆ ಸಿಗುವ ಜಾಗವಲ್ಲ. ಆದ್ದರಿಂದ ಮೊದಲ ಕೂಗು ಹಾಕುವುದು ಆ ಗೋಡೆಯ ಕೋಶವೇ. ಅದರೊಳಗೆ ಎನ್‌ಎಲ್‌ಆರ್‌ಪಿ6 ಎಂಬ ಪ್ರೋಟೀನು ಅಪಾಯದ ಸುಳಿವು ಹಿಡಿಯುತ್ತದೆ. ಕೋಶ ಇಂಟರ್‌ಲ್ಯೂಕಿನ್-18 ಎಂಬ ಸಂದೇಶ ಕಳಿಸುತ್ತದೆ. ಹತ್ತಿರದಲ್ಲೇ ಪಹರೆ ಇರುವ ಡೆಂಡ್ರಿಟಿಕ್ ಎಂಬ ರೋಗನಿರೋಧಕ ಕೋಶಗಳು ಇಂಟರ್‌ಲ್ಯೂಕಿನ್-12 ಎಂಬ ಸಂದೇಶ ಸೇರಿಸುತ್ತವೆ. ಈ ಎರಡು ಕರೆಗೆ ಓಗೊಡುವುದು ಎನ್‌ಕೆ, ಅಂದರೆ ನ್ಯಾಚುರಲ್ ಕಿಲ್ಲರ್ ಕೋಶಗಳು ಮತ್ತು ಅವುಗಳ ನೆಂಟರಾದ ಇನ್ನೊಂದು ಬಗೆಯ ಕೋಶಗಳು. ಇವಕ್ಕೆ ತರಬೇತಿ ಬೇಕಿಲ್ಲ, ಶತ್ರುವನ್ನು ಹಿಂದೆ ನೋಡಿರಬೇಕಾಗಿಲ್ಲ. ಹುಟ್ಟಿನಿಂದ ಬಂದ ಕಾವಲು ಇದು. ಇವು ಇಂಟರ್‌ಫೆರಾನ್ ಗಾಮಾ ಎಂಬ ಇನ್ನೊಂದು ಸಂದೇಶ ಸುರಿಸುತ್ತವೆ. ಆ ಇಂಟರ್‌ಫೆರಾನ್ ತಿರುಗಿ ಬಂದು ಮುಟ್ಟುವುದು ಮತ್ತೆ ಅದೇ ಗೋಡೆಯ ಕೋಶಗಳನ್ನು. ಆಗ ಆ ಕೋಶಗಳು ಪರಾವಲಂಬಿಗೆ ಬಾಳಲಾಗದ ಮನೆಯಾಗುತ್ತವೆ. ಕೂಗಿದವರೇ ಕೊನೆಗೆ ಹೊಡೆದಾಟಕ್ಕೂ ನಿಲ್ಲುತ್ತಾರೆ!

ಇದು ಗೊತ್ತಾದದ್ದು ಇಲಿಗಳಿಂದ. ಶತ್ರುವನ್ನು ಗುರುತಿಸಲು ಕಲಿತು ಹೋರಾಡುವ ಟಿ ಕೋಶ, ಬಿ ಕೋಶ ಎರಡೂ ಇಲ್ಲದೆ ಹುಟ್ಟುವ ಇಲಿಗಳಿವೆ. ಅವಕ್ಕೆ ಸೋಂಕು ಕೊಟ್ಟರೆ ತಕ್ಷಣ ಸಾಯಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಸಾಯುವುದಿಲ್ಲ. ವಾರಗಟ್ಟಲೆ ಸೋಂಕನ್ನು ಒಂದು ಮಟ್ಟದಲ್ಲಿ ಹಿಡಿದಿಡುತ್ತವೆ. ಆದರೆ ಇಂಟರ್‌ಫೆರಾನ್ ಗಾಮಾಕ್ಕೆ ಅಡ್ಡ ಹಾಕಿದರೆ ಆ ಹಿಡಿತ ಕೆಲವೇ ದಿನಗಳಲ್ಲಿ ತಪ್ಪುತ್ತದೆ. ಇನ್ನೊಂದು ಮಾತೂ ಅಷ್ಟೇ ಮುಖ್ಯ. ಹಿಡಿದಿಟ್ಟರೂ ಈ ಇಲಿಗಳು ಸೋಂಕನ್ನು ಹೊರಹಾಕಲಾರವು. ಆರೋಗ್ಯವಂತ ಇಲಿಯ ಸಿಡಿ4 ಟಿ ಕೋಶಗಳನ್ನು (ಬೇರೆ ಕೋಶಗಳಿಗೆ ಸೂಚನೆ ಕೊಡುವ ಬಗೆಯ ಟಿ ಕೋಶ) ಕೊಟ್ಟಾಗ ಮಾತ್ರ ಕರುಳು ಶುಚಿಯಾಗುತ್ತದೆ. ಕಾವಲುಗಾರ ಬಾಗಿಲು ಒತ್ತಿ ಹಿಡಿಯಬಲ್ಲ. ಕಳ್ಳನನ್ನು ಊರು ಬಿಡಿಸಲು ಊರಿನವರು ಬರಬೇಕು.

ಎಚ್‌ಐವಿ ತಿಂದುಹಾಕುವುದು ಇದೇ ಸಿಡಿ4 ಕೋಶಗಳನ್ನು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವುಗಳ ಎಣಿಕೆ 100ಕ್ಕಿಂತ ಕೆಳಗಿಳಿದವರಲ್ಲಿ ಈ ಭೇದಿ ಭೀಕರವಾಗುವುದು ಅದಕ್ಕೇ. ಹುಟ್ಟಿನಿಂದಲೇ ಸಿಡಿ40 ಲೈಗ್ಯಾಂಡ್ ಎಂಬ ಪ್ರೋಟೀನು ಸರಿಯಿಲ್ಲದ ಮಕ್ಕಳಲ್ಲಿ ಟಿ ಕೋಶಗಳು ಇದ್ದೂ ಬೇರೆ ಕೋಶಗಳಿಗೆ ಸೂಚನೆ ಮುಟ್ಟಿಸಲಾರವು. ಅಂಥವರಲ್ಲಿ ಪರಾವಲಂಬಿ ಪಿತ್ತನಾಳದವರೆಗೂ ಹೋಗಿ ಪಿತ್ತಜನಕಾಂಗವನ್ನೇ ಕೆಡಿಸಬಹುದು. ಕಿಡ್ನಿ ಕಸಿ ಆದವರೂ ಇದಕ್ಕೆ ಸುಲಭದ ತುತ್ತು. ಕೂಸುಗಳ ಕಥೆ ಬೇರೆಯೇ ಇದೆ: ಕೋಲ್ಕತ್ತವೂ ಸೇರಿ ಏಷ್ಯಾ, ಆಫ್ರಿಕಾದ ಏಳು ದೇಶಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಚಿಕ್ಕ ಮಕ್ಕಳ ಜೋರು ಭೇದಿಯ ಮುಖ್ಯ ನಾಲ್ಕು ಕಾರಣಗಳಲ್ಲಿ ಇದೂ ಒಂದಾಗಿತ್ತು.

ಔಷಧಿ ಇಲ್ಲವೇ? ಇದೆ. ನೈಟಜೋಕ್ಸನೈಡ್. ಅಮೆರಿಕದಲ್ಲಿ 2002ರಲ್ಲಿ ಮಕ್ಕಳಿಗೆ ಒಪ್ಪಿಗೆ ಸಿಕ್ಕಿತು. ರೋಗನಿರೋಧಕ ಶಕ್ತಿ ಇದ್ದವರಲ್ಲಿ ಭೇದಿಯ ದಿನಗಳನ್ನು ಕಡಿಮೆ ಮಾಡುತ್ತದೆ. ಎಚ್‌ಐವಿ ಚಿಕಿತ್ಸೆ ಸಿಗದ ರೋಗಿಗಳಲ್ಲಿ ಮಾತ್ರ ಖಾಲಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಒಳಗಿನವರ ನೆರವಿಲ್ಲದೆ ಆ ಮಾತ್ರೆ ಗೆಲ್ಲಲಾರದು. ಅವರಿಗೆ ನಿಜವಾಗಿ ಕೆಲಸ ಮಾಡಿದ್ದು ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಔಷಧಿಗಳು. ಸಿಡಿ4 ಎಣಿಕೆ ಏರಿದಂತೆ ಭೇದಿ ತಾನಾಗಿ ನಿಲ್ಲುತ್ತದೆ. ಭಾರತದಲ್ಲಿ ಸರ್ಕಾರದ ಉಚಿತ ಎಆರ್‌ಟಿ 2004ರ ಏಪ್ರಿಲ್‌ನಲ್ಲಿ ಶುರುವಾಯಿತು. ಎಚ್‌ಐವಿ ಹೆಚ್ಚಿದ್ದ ಆರು ರಾಜ್ಯಗಳಿಗೆ ಮೊದಲು ಕೊಟ್ಟರು, ಅದರಲ್ಲಿ ಕರ್ನಾಟಕವೂ ಒಂದು.

ನೀರಿನ ವಿಷಯದಲ್ಲಿ ಈ ಜೀವಿ ಮಹಾ ಹಟಮಾರಿ. ಈಜುಕೊಳದ ಕ್ಲೋರಿನ್‌ನಲ್ಲೂ ಒಂದು ವಾರಕ್ಕಿಂತ ಹೆಚ್ಚು ಬದುಕಬಲ್ಲದು, ಹಾಗಾಗಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೇವೆ ಅಂದರೆ ಸಾಲದು. ಕುದಿಗೆ ಮಾತ್ರ ತಡೆಯುವುದಿಲ್ಲ. ನೀರು ಕೊತಕೊತ ಒಂದು ನಿಮಿಷ ಕುದಿದರೆ ಸತ್ತೇ ಹೋಗುತ್ತದೆ.

ಮನೆಯಲ್ಲಿ ಕೀಮೋ ತೆಗೆದುಕೊಳ್ಳುವವರೋ, ಕಸಿ ಆದವರೋ, ಎಚ್‌ಐವಿ ಇರುವವರೋ ಇದ್ದು ಭೇದಿ ವಾರ ಕಳೆದರೂ ನಿಲ್ಲದಿದ್ದರೆ ಇದೊಂದು ನೆನಪಿರಲಿ. ಸುಮ್ನೆ ‘ಸ್ಟೂಲ್ ಟೆಸ್ಟ್’ ಎಂದು ಬರೆದರೆ ಸಾಮಾನ್ಯವಾಗಿ ಲ್ಯಾಬ್‌ನಲ್ಲಿ ಆ ಕೆಂಪು ಬಣ್ಣ ಹಾಕುವುದಿಲ್ಲ. ಚೀಟಿಯಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂದು ಹೆಸರು ಹಿಡಿದು ಬರೆಯಬೇಕಾ ಎಂದು ಡಾಕ್ಟರನ್ನು ಕೇಳಿ.